ಬಾಗಿಲು ತೆರೆದಿಟ್ಟು ಬರೆದ ಅಡುಗೆಮನೆ

ನಮ್ಮ ಅಡುಗೆಮನೆಯ ಮೊದಲ ನಕ್ಷೆ ಮುಗಿದಾಗ ರಾತ್ರಿ ಒಂದೂವರೆ ಗಂಟೆ. ಮೂರು ಗೋಡೆಗೂ ಸಾಲಾಗಿ ಕಪಾಟು ಕೂತಿದ್ದವು. ಕಿಟಕಿಯ ಕೆಳಗೆ ಸಿಂಕ್, ಉದ್ದ ಗೋಡೆಯ ನಡುವೆ ಒಲೆ, ಆ ತುದಿಗೆ ಫ್ರಿಜ್. ಒಂದಂಗುಲ ಜಾಗವೂ ದಂಡವಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಲ್ಯಾಪ್‌ಟಾಪ್ ತಂದು ಅಮ್ಮನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣೇ. ಆದ್ರೆ ಇದ್ರಲ್ಲಿ ಒಂದು ಬಾಗಿಲೂ ತೆಗೆದಿಲ್ವಲ್ಲ? ನಾನು ದಿನವಿಡೀ ಅಲ್ಲಿ ಮಾಡೋದು ಅದನ್ನೇ ತಾನೆ? ತೆಗೆಯೋದು, ಮುಚ್ಚೋದು."

ಆ ಒಂದು ಮಾತಿನಿಂದ ನಕ್ಷೆ ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದೆ. ಮುಂದಿನ ಐದು ವಾರದಲ್ಲಿ ಏಳು ನಕ್ಷೆ ಬರೆದೆ. ಏಳನೆಯದರಂತೆ ಕೆಲಸ ಆಯಿತು. ಇದೇ ಕೆಲಸಕ್ಕೆ ಕೈಹಾಕುವ ಯಾರಿಗಾದರೂ ನನ್ನ ಆ ಐದು ವಾರ ಒದಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಬಳಸಿದ್ದು ಸ್ವೀಟ್ ಹೋಮ್ ತ್ರೀಡಿ. ಉಚಿತ, ಮುಕ್ತ ತಂತ್ರಾಂಶ. ಎಡಗಡೆ ಸಾಮಾನುಗಳ ಪಟ್ಟಿ, ಬಲಗಡೆ ಮೇಲೆ ನಕ್ಷೆ, ಅದರ ಕೆಳಗೆ ಮೂರು ಆಯಾಮದ ನೋಟ. ಮೇಲೆ ಗೋಡೆ ಎಳೆದರೆ ಕೆಳಗೆ ಗೋಡೆ ಏಳುತ್ತದೆ. ಕಪಾಟನ್ನು ಎಳೆದು ತಂದು ಕೂರಿಸಬಹುದು, ಆದರೆ ಮೌಸ್‌ನಿಂದ ಹಿಗ್ಗಿಸಿ ಕುಗ್ಗಿಸುವ ಅಭ್ಯಾಸ ಮಾತ್ರ ಬೇಡ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಗಲ, ಆಳ, ಎತ್ತರ, ನೆಲದಿಂದ ಎಷ್ಟು ಮೇಲೆ ಎನ್ನುವ ನಾಲ್ಕೂ ಅಳತೆಗೆ ಜಾಗ ಸಿಗುತ್ತದೆ. ಅಲ್ಲಿ ಅಂಕಿ ಟೈಪ್ ಮಾಡಿ. ಕಣ್ಣಂದಾಜಿನಲ್ಲಿ ಎಳೆದ 597 ಮಿ.ಮೀ. ಕಪಾಟು ನೋಡಲು 600ರ ಹಾಗೇ ಕಾಣುತ್ತದೆ. ಅಂಥವು ಐದು ಕೂಡಿದಾಗ ಲೆಕ್ಕ ತಪ್ಪುತ್ತದೆ.

ಮೊದಲ ಸಲ ನಾನು ಗೋಡೆ ಎಳೆದದ್ದು ಮನೆಯ ಹಳೆಯ ನಕ್ಷೆಯ ಮೇಲೆ. ಅದನ್ನು ಸ್ಕ್ಯಾನ್ ಮಾಡಿ ಹಿನ್ನೆಲೆಗೆ ಹಾಕಿ, ಗೊತ್ತಿರುವ ಒಂದು ಅಳತೆಗೆ ಗೆರೆ ಹೊಂದಿಸಿದರೆ ಸ್ಕೇಲ್ ಕೂರುತ್ತದೆ. ಆ ಕಾಗದದ ಪ್ರಕಾರ ಕೋಣೆ 3,200ಕ್ಕೆ 2,400 ಮಿ.ಮೀ. ಎರಡನೆಯ ಸಲ ಟೇಪ್ ಹಿಡಿದು ಖಾಲಿ ಕೋಣೆಗೇ ಹೋದೆ. ಉದ್ದ ಗೋಡೆಯನ್ನು ಮೂರು ಎತ್ತರದಲ್ಲಿ ಅಳೆದೆ. ನೆಲದ ಹತ್ತಿರ 3,214, ಕಟ್ಟೆಯ ಮಟ್ಟದಲ್ಲಿ 3,206, ತಲೆಯ ಮೇಲೆ 3,195. ಗಿಲಾವು ಮೇಲೆ ಹೋಗ್ತಾ ದಪ್ಪವಾಗಿತ್ತು. ಇಂಥ ಕಡೆ ಮೂರರಲ್ಲಿ ಅತಿ ಚಿಕ್ಕದನ್ನೇ ಗೋಡೆಯ ಅಳತೆ ಎಂದು ಹಿಡಿಯಬೇಕು. ನೆಲದ ಮಟ್ಟದ ಅಳತೆ ನಂಬಿ ಮಾಡಿಸಿದ ಮೇಲಿನ ಕಪಾಟು ಗೋಡೆಗಳ ನಡುವೆ ಕೂರುವುದಿಲ್ಲ. ಕಿಟಕಿಯ ಗೋಡೆಗೆ ಸಿಕ್ಕ ಅತಿ ಚಿಕ್ಕ ಅಳತೆ 2,380.

ಆಮೇಲೆ ಮೂಲೆ ನೋಡಿದೆ. ಮೂಲೆಮಟ್ಟ ಚಿಕ್ಕದು, ಗೋಡೆಯ ಓರೆ ಅದಕ್ಕೆ ಸಿಗುವುದಿಲ್ಲ. ಮೂರು, ನಾಲ್ಕು, ಐದರ ಹಳೆಯ ಲೆಕ್ಕವೇ ಸರಿ. ಮೂಲೆಯಿಂದ ಒಂದು ಗೋಡೆಯಲ್ಲಿ 900ಕ್ಕೆ ಗುರುತು, ಇನ್ನೊಂದರಲ್ಲಿ 1,200ಕ್ಕೆ ಗುರುತು. ಎರಡರ ನಡುವೆ 1,500 ಬಂದರೆ ಮೂಲೆ ನೇರ. ನನಗೆ ಬಂದದ್ದು 1,508. ಎಂಟು ಮಿಲಿಮೀಟರ್ ಏನು ಮಹಾ ಅನ್ನಿಸಿತು. ಲೆಕ್ಕ ಹಾಕಿದರೆ ಮೂಲೆ ಸುಮಾರು 90.6 ಡಿಗ್ರಿ. ಅಂದರೆ ಕಿಟಕಿಯ ಗೋಡೆ ಅದರ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ 26 ಮಿ.ಮೀ. ಆಚೆ ಸರಿದಿರುತ್ತದೆ. ಕಪಾಟಿನ ಸಾಲು ನೇರ ನಿಂತರೆ ಅದರ ಬೆನ್ನಿಗೂ ಗೋಡೆಗೂ ನಡುವೆ ಒಂದಂಗುಲ ಸಂದು. ಇದನ್ನು ನಕ್ಷೆಯಲ್ಲಿ ತೋರಿಸಲು ಹೋದಾಗ ಗೋಡೆ ಮತ್ತೆ ಮತ್ತೆ ತೊಂಬತ್ತಕ್ಕೇ ಹೋಗಿ ಅಂಟುತ್ತಿತ್ತು. ಈ ತಂತ್ರಾಂಶದಲ್ಲಿ ಕಾಂತದ ಆಯ್ಕೆ ಒಂದಿದೆ, ಅದು ಹಾಕಿದ್ದಾಗ ಗೋಡೆ 15 ಡಿಗ್ರಿಯ ಲೆಕ್ಕದಲ್ಲೇ ತಿರುಗುತ್ತದೆ. ಅದನ್ನು ತೆಗೆದು ಇದ್ದದ್ದು ಇದ್ದ ಹಾಗೆ ಎಳೆದೆ. ಕಟ್ಟೆಯ ಕಲ್ಲನ್ನು ಆ ಕಡೆ 600ರ ಬದಲು 630ಕ್ಕೆ ಕೊಯ್ಯಿಸಿ ಗೋಡೆಗೆ ತಕ್ಕಂತೆ ಸವರಬೇಕು ಎನ್ನುವುದು ಅವತ್ತೇ ತಿಳಿಯಿತು.

ನೀರಿನ ಕೊಳವೆ, ಸ್ವಿಚ್ ಬೋರ್ಡ್, ಕಿಟಕಿಯ ಅಡಿಯಂಚು ಎಲ್ಲವನ್ನೂ ಅಳೆದು ನಕ್ಷೆಗೆ ಹಾಕಿದೆ. ಪ್ರತಿ ಗೋಡೆಗೂ ಟೇಪ್ ಚಾಚಿಟ್ಟು ಫೋಟೊ ತೆಗೆದುಕೊಂಡೆ.

ಈಗ ಬಾಗಿಲ ವಿಷಯ. ಈ ತಂತ್ರಾಂಶದಲ್ಲಿ ಕೋಣೆಯ ಬಾಗಿಲಿಗೆ ಅದು ತೆರೆಯುವ ಕಮಾನುಗೆರೆ ನಕ್ಷೆಯಲ್ಲಿ ತಾನಾಗಿಯೇ ಬರುತ್ತದೆ. ಕಪಾಟುಗಳಿಗೂ ಹಾಗೇ ತೋರಿಸಬೇಕೆಂದು ನಾನೇ ಒಂದು ದಾರಿ ಮಾಡಿಕೊಂಡೆ. ಪಟ್ಟಿಯಲ್ಲಿ ಬರಿಯ ಡಬ್ಬಿಯ ಆಕಾರ ಒಂದಿದೆ. ಅದಕ್ಕೆ 18 ಮಿ.ಮೀ. ದಪ್ಪ ಕೊಟ್ಟು, ಕೆಂಪು ಬಣ್ಣ ಹಚ್ಚಿ, ಪ್ರತಿ ಬಾಗಿಲಿಗೂ ತೆರೆದ ಸ್ಥಿತಿಯಲ್ಲಿ ಒಂದೊಂದು ನಿಲ್ಲಿಸಿದೆ. ಡ್ರಾಯರ್‌ಗಳಿಗೆ ಚಾನೆಲ್ (ಡ್ರಾಯರ್ ಜಾರುವ ಹಳಿ) ಪೂರ್ತಿ ಹೊರಬಂದಾಗ ಎಷ್ಟು ಉದ್ದವೋ ಅಷ್ಟು ಉದ್ದದ ಡಬ್ಬಿ, 500 ಮಿ.ಮೀ. ಇಷ್ಟಾದ ಮೇಲೆ ನನ್ನ ಚೆಂದದ ಅಡುಗೆಮನೆಯಲ್ಲಿ ನೆಲವೇ ಕಾಣದಷ್ಟು ಕೆಂಪು ತುಂಬಿತು.

ಈ ಪರೀಕ್ಷೆಯಲ್ಲಿ ಮೊದಲು ಬಿದ್ದದ್ದು ಮೂರನೆಯ ಗೋಡೆಯ, ಅಂದರೆ ಉದ್ದ ಗೋಡೆಗೆ ಎದುರಿನ, ಸಾಲು. ಎದುರುಬದುರು ಎರಡೂ ಕಡೆ 600 ಆಳದ ಸಾಲು ಇಟ್ಟರೆ ನಡುವೆ ಉಳಿಯುವುದು 1,180. ಅಮೆರಿಕದ ನ್ಯಾಷನಲ್ ಕಿಚನ್ ಅಂಡ್ ಬಾತ್ ಅಸೋಸಿಯೇಷನ್ನಿನ ಮಾರ್ಗಸೂಚಿಯಲ್ಲಿ ಒಬ್ಬರೇ ಕೆಲಸ ಮಾಡುವ ಅಡುಗೆಮನೆಗೆ 42 ಇಂಚು, ಇಬ್ಬರಿದ್ದರೆ 48 ಇಂಚು ಓಡಾಟದ ಜಾಗ ಬಿಡಿ ಎಂದಿದೆ. 42 ಇಂಚು ಅಂದರೆ 1,067 ಮಿ.ಮೀ., 48 ಅಂದರೆ 1,219. ನನ್ನದು ನಡುವೆ ಇತ್ತು. ಸಾಕಾಗುತ್ತದೆ ಎಂದುಕೊಂಡಿದ್ದೆ. ಆದರೆ ಒಂದು ಡ್ರಾಯರ್ ಎಳೆದರೆ ಉಳಿಯುವುದು 680. ಖಾಲಿ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಸಾಲು ಬರೆದು, ಎದುರು ಸಾಲಿನ ಗೆರೆಗೆ ಒಂದು ಮೇಜು ತಂದಿಟ್ಟು, ಅಮ್ಮನನ್ನು ನಿಲ್ಲಿಸಿದೆ. ಕೆಳಗಿನ ಡ್ರಾಯರ್‌ಗೆ ಬಗ್ಗುವ ಹಾಗೆ ಬಗ್ಗು ಅಂದೆ. ಬಗ್ಗಿದವಳ ಸೊಂಟ ಹಿಂದಿನ ಮೇಜಿಗೆ ತಾಗಿತು. ನಮ್ಮಲ್ಲಿ ಒಲೆಯ ಮುಂದೆ ಒಬ್ಬರು, ಸಿಂಕಿನ ಮುಂದೆ ಇನ್ನೊಬ್ಬರು ಇರುವುದೇ ಹೆಚ್ಚು. ಅವಳು ಬಗ್ಗಿದ್ದಾಗ ಬಿಸಿ ಪಾತ್ರೆ ಹಿಡಿದು ನಾನು ಹಿಂದೆ ಹಾಯುವ ಹಾಗಿರಲಿಲ್ಲ.

ಆ ಗೋಡೆ ಪೂರ್ತಿ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಆ ದಿನಗಳಲ್ಲೇ ಫ್ರಾಂಕ್‌ಫರ್ಟ್ ಅಡುಗೆಮನೆಯ ಬಗ್ಗೆ ಓದುತ್ತಿದ್ದೆ. 1926ರಲ್ಲಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಕಾರ್ಮಿಕರ ವಸತಿಗಾಗಿ ರೂಪಿಸಿದ್ದು. ಕೋಣೆಯ ಅಗಲ ಬರೀ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಕೋಣೆಯನ್ನು ಆಕೆ ಮಾದರಿಯಾಗಿ ನೋಡಿದ್ದರು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದು ಕೂತಿತು. ನನ್ನದಕ್ಕಿಂತ ಅಗಲ ಕಡಿಮೆಯ ಕೋಣೆಯಲ್ಲಿ ಅಷ್ಟೆಲ್ಲ ಹಿಡಿಸಿದ್ದಾರಲ್ಲ ಎಂದು ಅದರ ನಕ್ಷೆಯನ್ನೇ ಎಷ್ಟೋ ಹೊತ್ತು ನೋಡುತ್ತ ಕೂತೆ. ಎಲ್ಲ ಗೋಡೆಗೂ ಒಂದೇ ಆಳ ಯಾಕಿರಬೇಕು ಎನ್ನುವ ಪ್ರಶ್ನೆ ಹೊಳೆದದ್ದು ಆಗ. ಮೂರನೆಯ ಗೋಡೆಗೆ ಮೇಲಿನ ಕಪಾಟಿನ ಆಳವನ್ನೇ ಕೊಟ್ಟೆ, 350. ಓಡಾಟದ ಜಾಗ 1,430ಕ್ಕೆ ಏರಿತು. ಅಲ್ಲಿ ಡ್ರಾಯರ್ ಇಲ್ಲ, ಕಿರಿದಾದ ಬಾಗಿಲು, ಒಳಗೆ ಡಬ್ಬಿಗಳು ಒಂದರ ಹಿಂದೊಂದು ಅಡಗದೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಕೂರುತ್ತವೆ. ಇಡೀ ಅಡುಗೆಮನೆಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ತೀರ್ಮಾನ ಇದೇ.

ಮೂಲೆ ನನ್ನನ್ನು ಒಂದು ವಾರ ಹಿಡಿದಿಟ್ಟಿತು. ಎರಡು ಸಾಲು ಕೂಡುವ ಜಾಗದಲ್ಲಿ ಉದ್ದ ಗೋಡೆಯ ಕಪಾಟನ್ನು ಗೋಡೆಯವರೆಗೂ ಒಯ್ದು, ಕಿಟಕಿ ಕಡೆಯ ಸಾಲನ್ನು ಅದರ ಮುಖಕ್ಕೆ ಒತ್ತಿ ಶುರು ಮಾಡಿದ್ದೆ. ನಕ್ಷೆಯಲ್ಲಿ ಎರಡೂ ಬಿಗಿಯಾಗಿ ಕೂಡಿದ್ದವು, ಗೆರೆ ಸಹ ಕಾಣದಷ್ಟು. ಕಿಟಕಿ ಕಡೆಯ ಮೊದಲ ಡ್ರಾಯರ್ ಎಳೆದ ಹಾಗೆ ಕೆಂಪು ಡಬ್ಬಿ ಇಟ್ಟು ನೋಡಿದೆ. ತೊಂದರೆ ಇಲ್ಲ. ಏನೋ ಮರೆತಿದ್ದೇನೆ ಅನ್ನಿಸುತ್ತಲೇ ಇತ್ತು. ಎದ್ದು ಹೋಗಿ ಹಾಲ್‌ನಲ್ಲಿದ್ದ ಹಳೆಯ ಬೀರುವಿನ ಮುಂದೆ ನಿಂತೆ. ಅದರ ಹಿಡಿ ಮುಟ್ಟಿದಾಗ ಗೊತ್ತಾಯಿತು, ನನ್ನ ನಕ್ಷೆಯ ಒಂದು ಕಪಾಟಿಗೂ ಹಿಡಿ ಇಲ್ಲ. ನಾವು ಆರಿಸಿದ್ದ ಹಿಡಿ ಬಾಗಿಲಿನಿಂದ 35 ಮಿ.ಮೀ. ಹೊರಗೆ ಚಾಚುತ್ತದೆ. ಕಿಟಕಿ ಕಡೆಯ ಡ್ರಾಯರ್ ಹೊರಬರುವುದು ಉದ್ದ ಸಾಲಿನ ಮುಖಕ್ಕೆ ಸವರಿಕೊಂಡು. ಆ ದಾರಿಯಲ್ಲೇ ಹಿಡಿ ನಿಂತಿದೆ. ಡ್ರಾಯರ್ ಒಂದಂಗೈ ಹೊರಬರುವಷ್ಟರಲ್ಲಿ ಹಿಡಿಗೆ ಬಡಿದು ನಿಲ್ಲುತ್ತದೆ. ಕೂರಿಸಿದ ಮೇಲೆ ತಿಳಿದಿದ್ದರೆ ಆ ಡ್ರಾಯರ್ ಇದ್ದೂ ಇಲ್ಲದ ಹಾಗೆ.

ಎರಡು ಸಾಲಿನ ನಡುವೆ 60 ಮಿ.ಮೀ. ಫಿಲ್ಲರ್ ಪಟ್ಟಿ, ಅಂದರೆ ಸಂದು ತುಂಬುವ ಹಲಗೆ, ಹಾಕಿದೆ. ಹಿಡಿಗೆ 35 ಕಳೆದರೆ ಇನ್ನೂ 25 ಉಳಿಯುತ್ತದೆ. ಹಿಡಿಯ ಹಿಂದೆ ಬೆರಳು ತೂರಿಸುವವರ ಗೆಣ್ಣು ಎದುರಿನ ಅಂಚಿಗೆ ಉಜ್ಜಬಾರದಲ್ಲ, ಅದಕ್ಕೆ ಆ 25. ಜಾಗ ದಂಡವಾಯಿತು ಎಂದು ಆ ಪಟ್ಟಿಯನ್ನು ಕಿರಿದು ಮಾಡಲು ಹೋಗಬೇಡಿ. ಮೂಲೆಯೊಳಗಿನ ಕತ್ತಲೆ ಜಾಗಕ್ಕೆ ತಿರುಗುವ ತಟ್ಟೆ, ಹೊರಗೆ ಬರುವ ಜಾಲರಿ ಎಂದು ಬಗೆಬಗೆಯವು ಸಿಗುತ್ತವೆ. ನಾವು ಬರೀ ಹಲಗೆ ಹಾಕಿಸಿ, ವರ್ಷಕ್ಕೆ ಎರಡು ಸಲ ಬೇಕಾಗುವ ದೊಡ್ಡ ಪಾತ್ರೆಗಳಿಗೆ ಬಿಟ್ಟೆವು.

ಉದ್ದ ಸಾಲಿನ ಇನ್ನೊಂದು ತುದಿಯಲ್ಲಿ ಫ್ರಿಜ್ ಪಕ್ಕದ ಗೋಡೆಗೆ ಹತ್ತಿ ನಿಂತಿತ್ತು. 1,000ದ ಮೂಲೆ ಕಪಾಟು, 900ರ ಒಲೆ ಕಪಾಟು, 600ರದು ಇನ್ನೊಂದು, 18ರ ತುದಿ ಹಲಗೆ, 650ರ ಫ್ರಿಜ್. ಕೂಡಿದರೆ 3,168. 3,195ರಲ್ಲಿ ಉಳಿದದ್ದು 27. ಫ್ರಿಜ್ಜಿನ ಕೈಪಿಡಿ ತೆಗೆದು ನೋಡಿದರೆ ಒಳಗಿನ ತಟ್ಟೆಗಳನ್ನು ಹೊರಗೆಳೆಯಲು ಬಾಗಿಲು ತೊಂಬತ್ತು ಡಿಗ್ರಿಗಿಂತ ಹೆಚ್ಚು ತೆರೆಯಬೇಕು ಎಂದಿತ್ತು. ಗೋಡೆ ಅಷ್ಟು ಹತ್ತಿರ ಇದ್ದರೆ ಅದಾಗದು. ಕೀಲನ್ನು ಆ ಬದಿಯಿಂದ ಈ ಬದಿಗೆ ಬದಲಿಸಬಹುದಿತ್ತು, ಆಗ ತೆರೆದ ಬಾಗಿಲು ಕಟ್ಟೆಗೂ ಫ್ರಿಜ್‌ಗೂ ನಡುವೆ ಅಡ್ಡ ನಿಲ್ಲುತ್ತದೆ. ಒಳಗಿನಿಂದ ತೆಗೆದದ್ದನ್ನು ಕಟ್ಟೆಯ ಮೇಲಿಡಲು ಪ್ರತಿ ಸಲ ಬಾಗಿಲು ಸುತ್ತಿ ಬರಬೇಕು. 600ರ ಕಪಾಟನ್ನು 500 ಮಾಡಿ ಗೋಡೆಯ ಕಡೆ 127 ಬಿಟ್ಟೆ. ಬಿಸಿಗಾಳಿ ಹೋಗಲೂ ಆ ಸಂದು ಬೇಕು.

ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವಿನ ತ್ರಿಕೋನದ ಮಾತು ಕೇಳಿರುತ್ತೀರಿ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಲೆಕ್ಕ ಅದು. ಒಂದೊಂದು ಬದಿ ನಾಲ್ಕರಿಂದ ಒಂಬತ್ತು ಅಡಿ, ಮೂರೂ ಕೂಡಿ 13ರಿಂದ 26 ಅಡಿ. ನನ್ನವು 1.2, 1.3, 2.3 ಮೀಟರ್, ಒಟ್ಟು 4.8, ಅಂದರೆ ಹದಿನಾರು ಅಡಿಗೆ ಸ್ವಲ್ಪ ಕಡಿಮೆ. ಮೊದಲ ನಕ್ಷೆಯೂ ಈ ಲೆಕ್ಕದಲ್ಲಿ ಪಾಸಾಗಿತ್ತು. ತ್ರಿಕೋನದೊಳಗೆ ಎಷ್ಟು ಬಾಗಿಲು ತೆರೆದು ನಿಲ್ಲುತ್ತವೆ ಎಂದು ಅದು ಕೇಳುವುದಿಲ್ಲ.

ಎತ್ತರದ ವಿಷಯದಲ್ಲಿ ಅಮ್ಮನ ಮೈ ಅಳತೆಯೇ ಅಳತೆ ಎಂದು ತೀರ್ಮಾನಿಸಿದೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮೊಣಕೈ 950ಕ್ಕೆ, ಕಣ್ಣು 1,390ಕ್ಕೆ. ಆಮೇಲೆ 600 ಅಗಲದ ಮೇಜಿನ ಈಚೆ ನಿಂತು, ಅದರಾಚೆಯ ಗೋಡೆಯ ಕಡೆಗೆ ಕೈ ಚಾಚಿ, ಹಿಮ್ಮಡಿ ಎತ್ತದೆ ಒಂದು ಲೋಟ ಇಡು ಅಂದೆ. 1,740. ಬರೀ ಗೋಡೆಗೆ ಆನಿಕೊಂಡು ಚಾಚಿದ್ದರೆ ಇನ್ನೂ ಮೇಲೆ ಮುಟ್ಟುತ್ತಿದ್ದಳು, ಆದರೆ ನಡುವೆ ಕಟ್ಟೆ ಇರುತ್ತದಲ್ಲ. ಕಟ್ಟೆ ಮೊಣಕೈಗಿಂತ 100ರಿಂದ 150 ಮಿ.ಮೀ. ಕೆಳಗಿದ್ದರೆ ಭುಜ ಎತ್ತದೆ ಹೆಚ್ಚಬಹುದು. ಕಪಾಟಿನ ಡಬ್ಬಿ 720, ಕಲ್ಲು ಮತ್ತು ಅದರ ಕೆಳಗಿನ ಹಲಗೆ ಸೇರಿ 38, ಡಬ್ಬಿಗೂ ನೆಲಕ್ಕೂ ನಡುವಿನ ಪಟ್ಟಿ (ಸ್ಕರ್ಟಿಂಗ್) 150 ಇಟ್ಟರೆ 908 ಆಗುತ್ತದೆ. ಅಮ್ಮನಿಗೆ ಅದು ಹೆಚ್ಚು. ಸ್ಕರ್ಟಿಂಗ್ ಅನ್ನು 80ಕ್ಕೆ ಇಳಿಸಿ 838ಕ್ಕೆ ತಂದೆ.

ಇಷ್ಟು ಗೊತ್ತಾದ ಮೇಲೆ ತಂತ್ರಾಂಶದಲ್ಲಿ ಮನೆಯೊಳಗೆ ನಡೆದಾಡುವ ನೋಟ ತೆಗೆದು, ನೋಡುವವರ ಕಣ್ಣಿನ ಎತ್ತರವನ್ನು 139 ಸೆಂಟಿಮೀಟರಿಗೆ ಬದಲಿಸಿದೆ. ಅಲ್ಲಿಯವರೆಗೆ ನಾನು ನೋಡಿದ್ದೆಲ್ಲ ನನ್ನ ಎತ್ತರದಿಂದ. ಅಮ್ಮನ ಎತ್ತರಕ್ಕೆ ಇಳಿದ ಕೂಡಲೇ ಮೇಲಿನ ಕಪಾಟಿನ ನಡುವಿನ ಹಲಗೆಯ ಮೇಲಿದ್ದ ಪಾತ್ರೆಗಳು ಮಾಯವಾದವು. ಹಲಗೆಯ ಅಡಿಭಾಗ ಮಾತ್ರ ಕಂಡಿತು. ಅಷ್ಟು ವರ್ಷ ಅವಳು ಅಡುಗೆಮನೆಯಲ್ಲಿ ಏನು ನೋಡುತ್ತಿದ್ದಳು ಎನ್ನುವುದು ನನಗೆ ಮೊದಲ ಸಲ ಕಂಡದ್ದು ಅಲ್ಲಿ. ಪಕ್ಕದಲ್ಲಿ ಕೂತಿದ್ದವಳು, "ಹ್ಞಾಂ, ಹೀಗೇ ಕಾಣೋದು ನಂಗೆ. ತಡಕಾಡಿಯೇ ತೆಗೀಬೇಕು" ಅಂದಳು. ಕೆಳಗಿನ ಹಲಗೆಯನ್ನು 1,388ಕ್ಕೂ ನಡುವಿನದನ್ನು 1,690ಕ್ಕೂ ತಂದೆ. ಅದಕ್ಕಿಂತ ಮೇಲಿನದು ನನ್ನ ಪಾಲು.

ಮೇಲಿನ ಕಪಾಟಿನ ಬಾಗಿಲಲ್ಲಿ ಇನ್ನೊಂದು ಪಾಠ ಇತ್ತು. ಕಪಾಟಿನ ಆಳ 350, ಬಾಗಿಲಿನ ಅಗಲ 450 ಆದರೆ, ತೆರೆದಾಗ ಅದರ ಅಂಚು ಗೋಡೆಯಿಂದ 800ಕ್ಕೆ ಬಂದು ನಿಲ್ಲುತ್ತದೆ. ಕಟ್ಟೆಯ ಅಂಚು 600ಕ್ಕೇ ಮುಗಿಯಿತು. ಉಳಿದ 200ರಲ್ಲಿ ನಮ್ಮ ಹಣೆ ಇರುತ್ತದೆ. ಬಾಗಿಲನ್ನು 300ಕ್ಕೆ ಕಿರಿದು ಮಾಡಿದರೆ ಅಂಚು 650ಕ್ಕೆ ನಿಲ್ಲುತ್ತದೆ. ಎರಡು ಬಾಗಿಲ ಜಾಗದಲ್ಲಿ ಮೂರು ಬಂದವು, ಕೀಲುಗಳ ಖರ್ಚು ಹೆಚ್ಚಾಯಿತು, ಅದಕ್ಕೆ ಬೇಸರ ಇಲ್ಲ.

ಬಣ್ಣ, ಲ್ಯಾಮಿನೇಟ್ ಆರಿಸುವುದು ಒಂದು ಸಂಜೆಯಲ್ಲಿ ಮುಗಿಯಿತು.

ಬಡಗಿಗೆ ಕೊಡಲು ಒಂದೊಂದು ಕಪಾಟನ್ನೂ ಸ್ಕೆಚ್‌ಅಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮತ್ತೆ ಬರೆದೆ, ಹಲಗೆ ಹಲಗೆಯಾಗಿ. ಅಲ್ಲಿ ಪ್ರತಿ ಹಲಗೆಯನ್ನೂ ಬರೆದ ತಕ್ಷಣ ಕಾಂಪೊನೆಂಟ್, ಅಂದರೆ ಸ್ವತಂತ್ರ ಬಿಡಿಭಾಗ, ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮುಟ್ಟಿದ ಹಲಗೆಗಳು ಒಂದಕ್ಕೊಂದು ಅಂಟಿಕೊಂಡು, ಒಂದನ್ನು ಸರಿಸಿದರೆ ಇನ್ನೊಂದು ಎಳೆದುಕೊಂಡು ಬರುತ್ತದೆ. ಕಾಂಪೊನೆಂಟ್‌ನ ಇನ್ನೊಂದು ಉಪಕಾರ, ಒಂದು ಬದಿ ಹಲಗೆ ತಿದ್ದಿದರೆ ಅದರ ಪ್ರತಿಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತವೆ.

ಹಲಗೆಯಾಗಿ ಬರೆದಾಗಲೇ ಒಳಗಿನ ಜಾಗದ ಸತ್ಯ ತಿಳಿದದ್ದು. ಆ 500ರ ಕಪಾಟನ್ನೇ ನೋಡಿ. ಎರಡು ಬದಿಗೆ 18ರಂತೆ ಕಳೆದರೆ ಒಳಗೆ 464. ಪಕ್ಕದ ಚಾನೆಲ್‌ಗೆ ಒಂದೊಂದು ಕಡೆ 13 ಬೇಕು, ಉಳಿದದ್ದು 438. ಡ್ರಾಯರಿನ ಬದಿ ಹಲಗೆ 12ರಂತೆ ಎರಡು, ಕೊನೆಗೆ 414. ಅಮ್ಮ ಅಲ್ಲಿ ಇಡಬೇಕೆಂದಿದ್ದ ತಟ್ಟೆಯ ಜಾಲರಿ 430. ಅದು ಒಲೆಯ ಕೆಳಗಿನ 900ರ ಡ್ರಾಯರಿಗೆ ಹೋಯಿತು.

ಪ್ಲೈವುಡ್ ಹಾಳೆ 2,440ಕ್ಕೆ 1,220. ಅದರ ಅಗಲದಲ್ಲಿ 560ರ ಎರಡು ಪಟ್ಟಿ ಸೀಳಿ, ಗರಗಸ ತಿನ್ನುವ ಮೂರು ಮೂರು ಮಿಲಿಮೀಟರ್ ಕಳೆದರೆ 94 ಉಳಿಯುತ್ತದೆ. ಆ 94ರಲ್ಲೇ ನಮ್ಮ 80ರ ಸ್ಕರ್ಟಿಂಗ್ ಹುಟ್ಟಿತು. ಉದ್ದದಲ್ಲಿ 720ರ ಮೂರು ತುಂಡು. ಒಂದು ಹಾಳೆಗೆ ಆರು ಬದಿ ಹಲಗೆ. ಈ ಲೆಕ್ಕ ಕೂಡಿಬಂದ ಸಂಜೆ ನನಗೆ ಊಟ ಮಾಡಿದಷ್ಟೇ ತೃಪ್ತಿಯಾಗಿತ್ತು.

ಬಡಗಿ ಬಂದಾಗ ಬಣ್ಣದ ಚಿತ್ರಗಳನ್ನು ಮೇಲಿಟ್ಟು ಕೊಟ್ಟೆ. ಅವರು ಅವನ್ನೆಲ್ಲ ಪಕ್ಕಕ್ಕೆ ಸರಿಸಿ, ಗೋಡೆಗೊಂದರಂತೆ ಬರೆದಿದ್ದ ಎದುರುನೋಟದ ಹಾಳೆಗಳನ್ನು ಎತ್ತಿಕೊಂಡರು. ಸ್ಕೆಚ್‌ಅಪ್‌ನಲ್ಲಿ ದೂರ ಹತ್ತಿರದ ಭೇದ ತೋರದ ಸಮಾಂತರ ನೋಟ ಹಾಕಿ, ಮುಂದಿನಿಂದ ತೆಗೆದವು. ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಮೂಲೆಯ ಹತ್ತಿರ ಒಂದು ಸೊನ್ನೆ ಸುತ್ತಿದರು.

"ಮೇಡಂ, ಇಲ್ಲಿ ಅರವತ್ತು ಬಿಟ್ಟಿದ್ದೀರಲ್ಲ, ಹಿಡಿಗೇ ತಾನೆ?"

"ಹೌದು ಅಣ್ಣ."

"ಸರಿ ಇದೆ. ಗೋಡೆ ಕಡೆ ಪಟ್ಟಿಗೆ ಮಾತ್ರ ಅಳತೆ ಬರೀಬೇಡಿ. ಡಬ್ಬಿ ಎಲ್ಲಾ ರಸಮಟ್ಟಕ್ಕೆ ಕೂರಿಸಿ, ಉಳಿದ ಸಂದಿಗೆ ಗೋಡೆ ಹೆಂಗೆ ಸೊಟ್ಟ ಇದೆಯೋ ಹಂಗೆ ಸೀಳ್ತೀನಿ. ಇಪ್ಪತ್ತಾರು ಅಂತ ನೀವು ಬರೆದ್ರೆ ಒಂದು ಕಡೆ ಇಪ್ಪತ್ತಾರು ಇರತ್ತೆ, ಇನ್ನೊಂದು ಕಡೆ ಇಪ್ಪತ್ತು."

ಆ ಹಾಳೆಯಲ್ಲಿ ಗೋಡೆ ಬದಿಯ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ.

ಕೂರಿಸಿದ್ದು ಹನ್ನೊಂದು ದಿನ. ಉದ್ದ ಸಾಲು ಮೊದಲು, ಆಮೇಲೆ ಕಿಟಕಿ ಕಡೆಯದು. ಹಿಡಿಗಳನ್ನು ಹಾಕಿದ ದಿನ ಬಡಗಿ ಅಮ್ಮನನ್ನು ಕರೆದು, "ಅಮ್ಮಾ, ನೀವೇ ಮೊದ್ಲು ಎಳೀರಿ" ಅಂದರು. ಅವಳು ಮೂಲೆಯ ಡ್ರಾಯರನ್ನೇ ಎಳೆದಳು. ಎದುರಿನ ಹಿಡಿಯ ಪಕ್ಕದಲ್ಲಿ ಬೆರಳಗಲ ಸಂದು ಬಿಟ್ಟುಕೊಂಡು ಅದು ತುದಿಯವರೆಗೂ ಬಂತು. ಆ ಸಂದಿನಲ್ಲಿ ಕಿರುಬೆರಳು ಆಡಿಸಿ ನೋಡಿ, ಡ್ರಾಯರ್ ಒಳಗೆ ತಳ್ಳಿ, ಮತ್ತೆ ಎಳೆದಳು.

ಗೋಡೆಯ ಮೇಲಿನ ಪೆನ್ಸಿಲ್ ಗುರುತುಗಳಲ್ಲಿ ಕಣ್ಣಿನದು ಮೇಲಿನ ಕಪಾಟಿನ ಹಿಂದೆ ಮುಚ್ಚಿಹೋಯಿತು. 950ರ ಮೊಣಕೈ ಗುರುತು ಕಟ್ಟೆಗಿಂತ ಅರ್ಧ ಗೇಣು ಮೇಲೆ, ಟೈಲ್ ಹಾಕುವವರೆಗೂ ಹಾಗೇ ಕಾಣುತ್ತಿತ್ತು. ಎದುರುನೋಟದ ಹಾಳೆಗಳನ್ನು, ಬಡಗಿಯ ಪೆನ್ಸಿಲ್ ಸೊನ್ನೆಗಳ ಸಮೇತ, ಸಿಂಕ್ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದೇನೆ. ಕೊಳವೆ ಎಲ್ಲಿ ಹೋಗಿದೆ ಎಂದು ನೋಡಬೇಕಾದವರಿಗೆ ಆ ಬಾಗಿಲು ತೆರೆದರೆ ಸಾಕು.